ಹೇಮಾವತಿ ಕಣಿವೆಯಲ್ಲಿ ನೆಂಟರ ವಿಹಾರ: ಒಂದು ಸಂಶೋಧನ ಪ್ರಬಂಧ

1. ಪೀಠಿಕೆ

ಮದುವೆಗೆ ಬಂದ ನೆಂಟರು ಧಾರೆಗೂ ಊಟಕ್ಕೂ ನಡುವೆ, ಮದುವೆಯೂಟಕ್ಕೂ ಬೀಗರೂಟಕ್ಕೂ ನಡುವೆ ಎಲ್ಲಿ ಹೋಗಿರುತ್ತಾರೆ ಎಂಬ ಪ್ರಶ್ನೆ ನಮ್ಮ ವಿದ್ವಾಂಸರನ್ನು ಇದುವರೆಗೆ ಕಾಡಿಲ್ಲ. ಮದುವೆ ಹಿಡಿಯುವ ರೆಸಾರ್ಟುಗಳೇನೋ ಚಾರಣ, ಪಕ್ಷಿವೀಕ್ಷಣೆ, ತೆಪ್ಪವಿಹಾರ ಎಂದು ಬಣ್ಣದ ಪಟ್ಟಿ ಹಂಚುತ್ತವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಸುತ್ತಿನಲ್ಲಿ ಅಂಥ ಪಟ್ಟಿ ಯಾರೂ ಕೊಡುವುದಿಲ್ಲ. ಆದರೂ ಫೋಟೋಗೆ ಕರೆದಾಗ ಒಬ್ಬ ನೆಂಟನೂ ಮಂಟಪದಲ್ಲಿ ಸಿಗುವುದಿಲ್ಲ.

ಈ ಸೀಮೆಗೆ ಇಂಥ ಅಧ್ಯಯನದ ಯೋಗ್ಯತೆ ಉಂಟೇ ಎಂದು ಕೇಳುವವರು ಎರಡು ಸಂಗತಿ ಗಮನಿಸಬೇಕು. ಲಘುಪ್ರಬಂಧಕ್ಕೆ ಹೆಸರಾದ ಎ.ಎನ್. ಮೂರ್ತಿರಾಯರು 1900ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ‘ಮೈಸೂರ ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ್ದು ಕಿಕ್ಕೇರಿಯಲ್ಲಿ. ಹೀಗೆ ಮಾವನ ಮನೆಗೆ ಬರುವ ಅಳಿಯನ ವಿಚಾರ ಆ ‘ಮಲ್ಲಿಗೆ’ ಅರಳಿದ 1942ರಲ್ಲೇ ಕನ್ನಡದಲ್ಲಿ ಇತ್ಯರ್ಥವಾಗಿದೆ. ಅಳಿಯನ ಹಿಂದೆ ಬರುವ ಎರಡು ಬಸ್ ನೆಂಟರ ವಿಚಾರ ಹಾಗೇ ಬಾಕಿ ಉಳಿದಿದೆ.

2. ಪರಿಭಾಷೆ

ನದಿ: ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ, ಗೊರೂರಿನ ಜಲಾಶಯದಲ್ಲಿ ತಂಗಿ, ಮಂದಗೆರೆ, ಹೇಮಗಿರಿಗಳ ಅಣೆಗಳಿಗೆ ಕಂದಾಯ ಕಟ್ಟಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಗೆ ಒಪ್ಪಿಸಿಕೊಳ್ಳುವ, ಸುಮಾರು 245 ಕಿ.ಮೀ. ಉದ್ದದ ಹೇಮಾವತಿ.

ಕಾಡು: ಒಳಗೆ ಚಿರತೆ ಇರಬಹುದಾದ, ಹೊರಗೆ ನಿಂತವನಿಗೆ ಒಳಗಿನದೇನೂ ಕಾಣದ ಹಸಿರು. ಈ ಲಕ್ಷಣದಂತೆ ಮಾಕವಳ್ಳಿ ಸುತ್ತಿನ ಕಬ್ಬಿನ ಗದ್ದೆಗಳೆಲ್ಲ ದಟ್ಟಾರಣ್ಯ. ಕಟಾವಿಗೆ ಇಳಿದವರಿಗೆ ಚಿರತೆಮರಿ ಸಿಕ್ಕ ಸುದ್ದಿ ಮಂಡ್ಯ ಜಿಲ್ಲೆಗೆ ಹೊಸದಲ್ಲ. ತೋಳಗಳಿಗೆ ಹೆಸರಾದ, 1974ರಲ್ಲಿ ಘೋಷಣೆಯಾದ ಮೇಲುಕೋಟೆ ವನ್ಯಜೀವಿಧಾಮವೂ ಕಾಡೇ ಹೌದು. ಆದರೆ ಅದನ್ನು ವರ್ಷಕ್ಕೊಮ್ಮೆ ಕಡಿದು ಕಾರ್ಖಾನೆಗೆ ಸಾಗಿಸಲು ಬಾರದ್ದರಿಂದ ನೆಂಟರು ಅದನ್ನು ಎರಡನೆಯ ದರ್ಜೆಯ ಕಾಡೆಂದು ಎಣಿಸುತ್ತಾರೆ.

ನೆಂಟ: ಮುಯ್ಯಿ ಬರೆಸಿದವನು. ಬರೆಸುವ ತನಕ ಅವನು ಅತಿಥಿ. ಬರೆಸಿದ ಮೇಲೆ ಲೆಕ್ಕ ಕೇಳುವ ಹಕ್ಕುಳ್ಳವನು.

3. ವಿಹಾರದ ಪ್ರಭೇದಗಳು

(ಅ) ನಾಲೆ ಏರಿಯ ನಡಿಗೆ. ಗಂಡಿನೂರಿನಲ್ಲಿ ಬೀಗರೂಟದ ದಿನ, ಬಾಡು ಬೇಯುವುದಕ್ಕೂ ಮುದ್ದೆ ಕಟ್ಟುವುದಕ್ಕೂ ನಡುವಿನ ಹೊತ್ತಿನಲ್ಲಿ ನಡೆಯುತ್ತದೆ. ಹೆಣ್ಣಿನ ಸೋದರಮಾವ “ಸುಮ್ನೆ ಗಾಳಿಗೆ” ಎಂದು ಎದ್ದರೆ ಗಂಡಿನ ಚಿಕ್ಕಪ್ಪ ಟವೆಲ್ ಕೊಡವಿ ಹಿಂದೆಯೇ ಹೊರಡುತ್ತಾನೆ.

“ಇದೆಲ್ಲಾ ನಿಮ್ದೇನಾ ಬೀಗ್ರೇ?”

“ಆ ತೆಂಗಿನ್ ಮರದ್ ಗಂಟ ನಮ್ದೇ ಕಣ್ ಬನ್ನಿ.”

“ತೂಬು?”

“ಇಲ್ಲೇ, ನಾಕೆಜ್ಜೆ.”

ಮಾವ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ತೂಬಿನವರೆಗೆ ನಡೆಯುತ್ತಾನೆ. ವಾಪಸು ಬಂದು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಹಿಡಿ ಮಣ್ಣು ತೆಗೆದು ಹಿಸುಕಿ, ಬೆರಳ ಸಂದಿಯಿಂದ ಉದುರಿಸಿ ನೋಡುತ್ತಾನೆ. “ನಾಕೆಜ್ಜೆ ಅಂದ್ರಿ. ನಂಗೆ ನಾನೂರಾಯ್ತು.”

“ನಿಮ್ದು ಸಣ್ಣೆಜ್ಜೆ ಬುಡಿ ಬೀಗ್ರೇ.”

ಪಹಣಿ ತೆಗೆಸದೆ ಪಹಣಿ ಓದುವ ವಿದ್ಯೆ ಇದು. ಗದ್ದೆ ನಾಲೆಯ ತಲೆಭಾಗದ್ದೋ ಕೊನೆಭಾಗದ್ದೋ, ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಇಲ್ಲಿಗೆ ತಲಪುತ್ತದೋ ಇಲ್ಲವೋ ಎಂಬುದು ಊಟದೆಲೆ ಹಾಕುವ ಮೊದಲೇ ತೀರ್ಮಾನವಾಗಿರುತ್ತದೆ.

(ಆ) ಅಣೆ ದರ್ಶನ. ಹೇಮಗಿರಿಯಲ್ಲಿ ಅಣೆಯ ಮೇಲಿಂದ ನೀರು ಹಾಲಿನಂತೆ ಧುಮುಕುವಾಗ ಹುಡುಗರು ಅದಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಸೆಲ್ಫಿಯ ಧರ್ಮವೇ ಅದು. ಹಿರಿಯರು ಮುಖ ಮಾಡಿ ನಿಂತರೂ ನೋಡುವುದು ಧುಮುಕುವ ನೀರನ್ನಲ್ಲ, ಪಕ್ಕದಲ್ಲಿ ನಾಲೆಗೆ ತಿರುಗಿದ ನೀರನ್ನು. “ಕಟ್ಟೆ ಎಷ್ಟೈತೆ?” ಎಂದು ಒಬ್ಬ ಕೇಳಿದರೆ ಕನ್ನಂಬಾಡಿಯ ಮಟ್ಟ ಬಾಯಲ್ಲೇ ಬರುತ್ತದೆ. ಮದುಮಗನ ವಯಸ್ಸು ಮರೆತವನೂ ಕಟ್ಟೆ ತುಂಬುವುದು 124.80 ಅಡಿಗೆ ಎಂಬುದನ್ನು ಮರೆತಿರುವುದಿಲ್ಲ. ಇದೇ ಹೇಮಗಿರಿಯಲ್ಲಿ ಕಲ್ಯಾಣ ವೆಂಕಟರಮಣಸ್ವಾಮಿಯ ತೇರಿನ ಕಾಲಕ್ಕೆ ದನಗಳ ಜಾತ್ರೆ ಸೇರುತ್ತದೆ. ಅಲ್ಲಿ ಹಲ್ಲು ಹಿಡಿದು, ಸುಳಿ ನೋಡಿ, ಟವೆಲ್ಲಿನೊಳಗೆ ಬೆರಳು ಮುಟ್ಟಿ ವ್ಯಾಪಾರ ಮುಗಿಸುವ ಕಣ್ಣೇ ಮದುವೆಗೂ ಬಂದಿರುತ್ತದೆ ಎಂಬುದನ್ನು ಸಂಶೋಧಕರು ಲಕ್ಷಿಸತಕ್ಕದ್ದು.

(ಇ) ಪುಣ್ಯಕ್ಷೇತ್ರ ಸಂಚಾರ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ ಹೊಯ್ಸಳ ತ್ರಿಕೂಟ. ಹೊರಗೋಡೆಯಲ್ಲಿ ಆನೆಸಾಲು, ಕುದುರೆಸಾಲು, ಬಳ್ಳಿ, ಪುರಾಣಕಥೆ, ಮಕರ, ಹಂಸ ಹೀಗೆ ಪಟ್ಟಿಕೆಯ ಮೇಲೆ ಪಟ್ಟಿಕೆ. ನೆಂಟರು ಆನೆಸಾಲಿನಲ್ಲಿ ಅರ್ಧ ದಾಟುವಷ್ಟರಲ್ಲಿ ಮುಖ್ಯ ಪ್ರಶ್ನೆ ಬರುತ್ತದೆ: “ದೇವಸ್ಥಾನಕ್ಕೆ ಎಷ್ಟು ಜಮೀನು ಬಿಟ್ಟಿದ್ರಂತೆ?” ಹಿನ್ನೀರಿನ ದಡದ ವರಾಹನಾಥ ಕಲ್ಲಹಳ್ಳಿಯಲ್ಲಿ ಈ ಪ್ರಶ್ನೆಗೂ ಆಸ್ಪದವಿಲ್ಲ. ಅಲ್ಲಿ ಭೂದೇವಿಯನ್ನೇ ತೊಡೆಯ ಮೇಲೆ ಕೂರಿಸಿಕೊಂಡ ಸ್ವಾಮಿಯ ಮುಂದೆ ಜನ ಮನೆ, ನಿವೇಶನ, ಜಮೀನಿನ ತಕರಾರುಗಳನ್ನು ಇಡುತ್ತಾರೆ. ಇಟ್ಟಿಗೆ, ಮಣ್ಣು ಪೂಜೆ ಮಾಡಿಸಿ ಒಯ್ಯುತ್ತಾರೆ. ನೆಂಟನ ಅಂತರಂಗವೂ ದೇವರ ಇಲಾಖೆಯೂ ಇಷ್ಟು ಸರಿಯಾಗಿ ಕೂಡಿಬಂದ ಕ್ಷೇತ್ರ ಸುತ್ತಮುತ್ತ ಮತ್ತೊಂದಿಲ್ಲ.

(ಈ) ಅರಣ್ಯ ವೀಕ್ಷಣೆ. ಕಬ್ಬು ಅರೆಯುವ ಕಾಲದಲ್ಲಿ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯತ್ತ ಕಾಡೇ ಟ್ರಾಕ್ಟರ್ ಹತ್ತಿ ಹೊರಡುವುದರಿಂದ ನೋಡುವವರು ಕಾಡಿಗೆ ಹೋಗಬೇಕಿಲ್ಲ. ಮಕ್ಕಳು ಟ್ರೈಲರಿನ ಹಿಂದೆ ಓಡಿ ಜಲ್ಲೆ ಎಳೆಯುತ್ತಾರೆ. ದೊಡ್ಡವರು ಟನ್ನಿನ ದರ, ಬಾಕಿ ಹಣ, ಕಟಾವಿನ ಕೂಲಿ ವಿಚಾರಿಸುತ್ತಾರೆ. ಚಿರತೆ ಕಂಡ ವರದಿ ಇದ್ದರೆ ಅದು ಯಾರ ಗದ್ದೆ ಎಂದು ಮೊದಲು ಕೇಳಿ, ಎಷ್ಟು ಎಕರೆ ಎಂದು ಆಮೇಲೆ ಕೇಳುತ್ತಾರೆ. ಚಿರತೆಯ ವಿಷಯ ಅಲ್ಲಿಗೆ ಮುಗಿಯುತ್ತದೆ.

4. ಸಿದ್ಧಾಂತ

ಈ ಕಣಿವೆಯ ನೆಂಟ ನಿಸರ್ಗವನ್ನು ನೋಡುವುದಿಲ್ಲ, ನೀರಾವರಿಯನ್ನು ನೋಡುತ್ತಾನೆ. ಇದನ್ನು ಅರಸಿಕತೆ ಎನ್ನುವವರು ಬೇಸಿಗೆಯಲ್ಲಿ ನಾಲೆಯ ಕೊನೆಭಾಗದ ಗದ್ದೆಯೊಂದರಲ್ಲಿ ನಿಂತು ಮಾತಾಡಬೇಕು. ಅಣ್ಣನ ಗದ್ದೆಗೆ ನೀರು ಬಂದು ತಮ್ಮನ ಗದ್ದೆಗೆ ಬಾರದ ಊರಿನಲ್ಲಿ ಹೊಳೆಯ ಸೊಬಗನ್ನು ಅಳೆಯುವ ಕೋಲು ತೂಬಿನ ಹತ್ತಿರವೇ ಇರುತ್ತದೆ. ಕೊಟ್ಟ ಹುಡುಗಿ ಮುಂದೆ ಮೂವತ್ತು ನಲವತ್ತು ವರ್ಷ ಅದೇ ಬದುವಿನ ಮೇಲೆ ಬುತ್ತಿ ಹೊರುವವಳು. ಅವಳ ಪರವಾಗಿ ಒಂದು ಹಿಡಿ ಮಣ್ಣು ಹಿಸುಕಿ ನೋಡುವವನಿಗಿಂತ ದೊಡ್ಡ ಪ್ರಕೃತಿಪ್ರೇಮಿಯನ್ನು ಪ್ರಸ್ತುತ ಪ್ರಬಂಧ ಕಂಡಿಲ್ಲ.

5. ಆಕ್ಷೇಪ ಮತ್ತು ಪರಿಹಾರ

ಆಕ್ಷೇಪ: ಧಾರೆ ಎರೆದಾಯಿತು, ಮುಯ್ಯಿ ಬರೆಸಿಯಾಯಿತು. ಈಗ ಗದ್ದೆ ನೋಡಿ ಬಂದ ಭಾಗ್ಯವೇನು?

ಪರಿಹಾರ: ಮದುಮಗನಿಗೆ ತಮ್ಮನಿದ್ದಾನೆ. ಸೋದರಮಾವನಿಗೆ ಮಗಳಿದ್ದಾಳೆ.

6. ವಿಧಿ ನಿಷೇಧಗಳು

ಹೆಣ್ಣಿನ ಕಡೆಯವರನ್ನು ಬೇಸಿಗೆಯಲ್ಲಿ ಹೊಳೆಯ ಹತ್ತಿರ ಕರೆದೊಯ್ಯಕೂಡದು; ನೀರು ಬಿಟ್ಟ ಮೇಲೆ ಲಗ್ನ ಇಡತಕ್ಕದ್ದು. ನಡಿಗೆಯ ದಾರಿಯನ್ನು ಮನೆಯವರೇ ಆರಿಸಿ, ದಾಯಾದಿಯ ಗದ್ದೆ ಬಂದಾಗ ರಾಜಕೀಯದ ಮಾತು ತೆಗೆಯತಕ್ಕದ್ದು. ಅಣೆಯ ಕೆಳಗೆ ಸುಳಿ ಇರುವುದರಿಂದ ಯಾರನ್ನೂ, ಮುಯ್ಯಿ ಕಮ್ಮಿ ಬರೆಸಿದವರನ್ನೂ ಸಹ, ಈಜಲು ಬಿಡಬಾರದು. ಮದುಮಗನಿಗೆ ತಮ್ಮನೇ ಇಲ್ಲದ ಪಕ್ಷದಲ್ಲಿ ಯಾವ ವಿಹಾರವನ್ನೂ ಏರ್ಪಡಿಸುವ ಅಗತ್ಯವಿಲ್ಲ. ಊಟವಾದೊಡನೆ ತಾಂಬೂಲದ ಚೀಲ ಕೈಗಿತ್ತರೆ ನೆಂಟರು ತಾವಾಗಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ.