ಎಣ್ಣೆ ಹಚ್ಚಿಕೊಂಡವರೆಷ್ಟು ಜನ?

“ಎಂಬಿಬಿಎಸ್ ಆಯ್ತು, ಎಂಡಿ ಆಯ್ತು, ಕೈಯಲ್ಲೊಂದು ಕೆಲಸವೂ ಇದೆ. ಈಗ ಪಿಎಚ್.ಡಿ. ಮಾಡ್ತೀನಿ ಅಂತಾಳೆ. ಈ ಓದಿಗೆ ಕೊನೆ ಅನ್ನೋದು ಇದೆಯಾ ಮೇಡಂ?”

ಪಕ್ಕದ ಮನೆಯ ಮೇಷ್ಟ್ರು ದಾಸವಾಳದ ಬೇಲಿಯಾಚೆ ನಿಂತು ಕೇಳಿದರು. ಮಗಳ ಮೇಲಿನ ಸಿಟ್ಟಲ್ಲ ಅದು, ಕಳವಳ. ನಾನು ಮೆಡಿಕಲ್ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅವರ ಮಗಳ ಎಂಡಿಯೂ ಅದೇ ವಿಷಯದಲ್ಲಿ. ಹಾಗಾಗಿ ಈ ಪ್ರಶ್ನೆ ನನ್ನ ಬೇಲಿಗೇ ಬರಬೇಕಿತ್ತು.

ಕೊನೆ ಇದೆ ಮೇಷ್ಟ್ರೇ, ಯುಜಿಸಿಯೇ ಗೆರೆ ಎಳೆದಿದೆ ಎಂದೆ. 2022ರ ನಿಯಮದಂತೆ ಕಡಿಮೆ ಎಂದರೆ 3 ವರ್ಷ, ಹೆಚ್ಚೆಂದರೆ 6. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೂ ಎರಡು ವರ್ಷ ಸಡಿಲಿಕೆ ಇದೆ, 240 ದಿನಗಳವರೆಗೆ ಹೆರಿಗೆ ರಜೆಯೂ ಉಂಟು.

“ಸಂಬಳ ಏರುತ್ತಾ?”

ಹೇಳಿಕೊಳ್ಳುವಷ್ಟಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಆಗುವುದಕ್ಕೆ ಎಂಡಿ ಸಾಕು, ಪಿಎಚ್.ಡಿ. ಇಲ್ಲ ಎಂದು ಯಾರೂ ಬಡ್ತಿ ತಡೆಯುವುದಿಲ್ಲ. ಈ ಮಾತನ್ನು ನಾನು ಮುಚ್ಚಿಡದೆ ಹೇಳಿದೆ. ದುಡ್ಡಿನ ಆಸೆಗೆ ಇದಕ್ಕೆ ಇಳಿದವರು ಎರಡನೇ ವರ್ಷದಲ್ಲೇ ದಣಿಯುತ್ತಾರೆ, ನೋಡಿದ್ದೇನೆ. ಎಂಡಿಯಲ್ಲೂ ಒಂದು ಥೀಸಿಸ್ ಬರೆಯುತ್ತಾರೆ ನಿಜ, ಆದರೆ ಅದು ಡ್ಯೂಟಿ, ಕ್ಯಾಂಪು, ಪರೀಕ್ಷೆಗಳ ನಡುವೆ ಬಿಡುವು ಕದ್ದು ಬರೆದದ್ದು. ಪಿಎಚ್.ಡಿ. ಹಾಗಲ್ಲ. ಯಾರಿಗೂ ಉತ್ತರ ಗೊತ್ತಿಲ್ಲದ ಒಂದೇ ಒಂದು ಪ್ರಶ್ನೆ ಹಿಡಿದು, ಅದು ಬಗೆಹರಿಯುವವರೆಗೆ ಬಿಡದೆ ಕೂರಬೇಕು.

“ಅವಳ ಪ್ರಶ್ನೆ ಏನೋ ಮಂಗನ ಕಾಯಿಲೇದು” ಎಂದರು.

ಆಗಲೇಬೇಕಲ್ಲ. ಮೇಷ್ಟ್ರು ಸೊರಬದ ಕಡೆಯ ಶಾಲೆಗಳಲ್ಲಿ ಕೆಲಸ ಮಾಡಿದವರು, ಮಗಳು ಬೆಳೆದದ್ದೂ ಅಲ್ಲೇ. ಅದೇ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರೇ ಈ ಕಾಯಿಲೆಗೆ ಜಗತ್ತಿನ ಪುಸ್ತಕಗಳಲ್ಲೆಲ್ಲ ನಿಂತಿದೆ. 1957ರಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಇಂಡಿಯಾದಲ್ಲಿಲ್ಲದ ಹಳದಿ ಜ್ವರ ಬಂದುಬಿಟ್ಟಿತೇ ಎಂದು ಗಾಬರಿಯಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಇದು ಬೇರೆಯೇ ವೈರಸ್, ಹರಡುವುದು ಉಣುಗು ಎಂದು ಪತ್ತೆಹಚ್ಚಿದರು. ಇಷ್ಟು ವರ್ಷ ಕಳೆದರೂ ಕಾಯಿಲೆ ಹೋಗಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ಇಲ್ಲಿ ಎಲ್ಲರಿಗೂ ನೆನಪಿದೆ. ಹಳೆಯ ಲಸಿಕೆ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ. ಅಲ್ಲಿಯವರೆಗೆ ಕಾಡಿಗೆ ಹೋಗುವವರ ಕೈಯಲ್ಲಿರುವುದು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ. ಕೈಕಾಲಿಗೆ ಹಚ್ಚಿಕೊಂಡರೆ ಉಣುಗು ಹತ್ತಿರ ಬರುವುದಿಲ್ಲ.

ಹುಡುಗಿ ಮೊದಲ ಸಲ ನನಗೆ ತೋರಿಸಿದ ಹಾಳೆಯಲ್ಲಿ ಇದ್ದದ್ದು ‘ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಸಾಮಾಜಿಕ ಕಾರಣಗಳು’ ಎಂದು. ಎಷ್ಟು ದೊಡ್ಡದು! ನಾಲ್ಕು ಜನ ಜೀವಮಾನವಿಡೀ ದುಡಿದರೂ ಮುಗಿಯದು. ಕಾರಣ ಎಂದರೆ ಯಾವುದು, ಯಾರಿಗೆ, ಯಾವ ಊರಲ್ಲಿ, ಅಳೆಯುವುದು ಹೇಗೆ ಎಂದು ಕೇಳುತ್ತಾ ಹೋದೆವು. ವಾರ ವಾರ ಆ ವಾಕ್ಯ ಸಣ್ಣದಾಗುತ್ತಾ ಬಂತು. ಈಗ ಉಳಿದಿರುವುದು ಇಷ್ಟು: ಮನೆಗೆ ಎಣ್ಣೆ ತಲುಪಿದ ಮೇಲೆ, ಕಾಡಿಗೆ ಹೋಗುವ ದಿನ ಅದನ್ನು ಹಚ್ಚಿಕೊಳ್ಳುವವರು ನೂರಕ್ಕೆ ಎಷ್ಟು ಜನ? ಹಚ್ಚಿಕೊಳ್ಳದವರು ಯಾಕೆ ಹಚ್ಚಿಕೊಳ್ಳುವುದಿಲ್ಲ?

ಮೇಷ್ಟ್ರು ಪೆಚ್ಚಾದರು. “ಇಷ್ಟೇನಾ? ಇದಕ್ಕೆ ಆರು ವರ್ಷ ಬೇಕಾ?”

ಸಣ್ಣ ಪ್ರಶ್ನೆ ಎಂದು ತಳ್ಳಿಹಾಕಬೇಡಿ ಮೇಷ್ಟ್ರೇ. ಕಲ್ಕತ್ತೆಯಲ್ಲಿ ಶಂಭುನಾಥ ಡೇ ಎಂಬ ಡಾಕ್ಟರಿದ್ದರು. ಲಂಡನ್ನಿನಲ್ಲಿ ಪಿಎಚ್.ಡಿ. ಮುಗಿಸಿ ಊರಿಗೆ ಬಂದು, ಇದ್ದ ಸಲಕರಣೆಯಲ್ಲೇ ಕಾಲರಾ ಬೆನ್ನು ಹತ್ತಿದರು. ಅವರ ಪ್ರಶ್ನೆಯೂ ಒಂದೇ ಸಾಲಿನದು: ಕಾಲರಾ ರೋಗಾಣುವನ್ನೆಲ್ಲ ಸೋಸಿ ತೆಗೆದು, ಬರಿಯ ದ್ರವವನ್ನು ಮೊಲದ ಕರುಳಿಗೆ ಬಿಟ್ಟರೂ ಕರುಳಲ್ಲಿ ನೀರು ತುಂಬುತ್ತದೆಯೇ? ತುಂಬಿತು. ಅಂದರೆ ಮನುಷ್ಯರನ್ನು ಒಣಗಿಸಿ ಕೊಲ್ಲುವುದು ಆ ರೋಗಾಣು ಹೊರಬಿಡುವ ವಿಷ ಎಂದು 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬದುಕಿದ್ದಾಗ ಅವರಿಗೆ ಸಿಗಬೇಕಾದ ಮನ್ನಣೆ ನಮ್ಮ ದೇಶದಲ್ಲಿ ಸಿಗಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಪ್ರವೇಶ ಪರೀಕ್ಷೆ, ಸಂದರ್ಶನ, ಕೋರ್ಸ್‌ವರ್ಕ್ ಬಗ್ಗೆ ಮೇಷ್ಟ್ರಿಗೆ ಚಿಂತೆಯಿತ್ತು. ಅವೆಲ್ಲ ದಾಟಬಹುದಾದ ಹೊಳೆ. ಸಂಶೋಧನಾ ವಿಧಾನ, ಅಂಕಿಅಂಶ, ಸಂಶೋಧನೆಯ ನೀತಿ, ಒಟ್ಟು ಹನ್ನೆರಡು ಕ್ರೆಡಿಟ್ಟಿಗೆ ಕಡಿಮೆಯಿಲ್ಲದ ಪಾಠ. ಓದುವ ಹುಡುಗಿಗೆ ಅದೇನು ಮಹಾ? ನಿಜವಾಗಿ ನೋಡಿಕೊಳ್ಳಬೇಕಾದ್ದು ಗೈಡ್ ಯಾರು ಎನ್ನುವುದು. ಪ್ರೊಫೆಸರ್ ಒಬ್ಬರು ಏಕಕಾಲಕ್ಕೆ 8 ಜನರನ್ನು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷವೂ ಉಳಿದಿಲ್ಲದವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಹೆಸರು ದೊಡ್ಡದು ಎಂದು ಹೋಗಿ ಸೇರುವ ಮುಂಚೆ, ಅವರ ಕೈಕೆಳಗೆ ಮುಗಿಸಿದವರು ಎಷ್ಟು, ಅರ್ಧಕ್ಕೆ ಬಿಟ್ಟವರು ಎಷ್ಟು, ಬರೆದುಕೊಟ್ಟ ಅಧ್ಯಾಯ ತಿದ್ದಿ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ ಎಂದು ಅವಳಿಗೆ ಹೇಳಿದ್ದೇನೆ.

“ಅಲ್ಲಾ, ಎಷ್ಟು ಜನರನ್ನ ಕೇಳಿದರೆ ಸಾಕು? ನೂರಾ?”

ಮೇಷ್ಟ್ರ ಗಣಿತದ ಮನಸ್ಸು ಎದ್ದಿತು ಅಂದುಕೊಂಡೆ. ಇದಕ್ಕೆ ನಮ್ಮ ವಿಭಾಗದಲ್ಲಿ ಹೊಸ ವಿದ್ಯಾರ್ಥಿಗೂ ಬಾಯಿಪಾಠವಾಗಿರುವ ಒಂದು ಸೂತ್ರವಿದೆ, ಫೋರ್ ಪಿಕ್ಯು ಬೈ ಎಲ್ ಸ್ಕ್ವೇರ್. ಎಣ್ಣೆ ಹಚ್ಚಿಕೊಳ್ಳುವವರು ನೂರಕ್ಕೆ ಎಷ್ಟೆಂದು ಗೊತ್ತಿಲ್ಲ, ಹಾಗಾಗಿ ಅರ್ಧಕ್ಕರ್ಧ ಎಂದಿಟ್ಟುಕೊಳ್ಳಿ. ಪಿ 50, ಕ್ಯು 50. ನಮ್ಮ ಲೆಕ್ಕ ಐದು ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ, ಎಲ್ ಎಂದರೆ 5. ನಾಲ್ಕು ಗುಣಿಸು ಐವತ್ತು ಗುಣಿಸು ಐವತ್ತು, ಭಾಗಿಸು ಇಪ್ಪತ್ತೈದು.

“ನಾನೂರು” ಎಂದರು ಮೇಷ್ಟ್ರು, ನಾನು ಮುಗಿಸುವ ಮೊದಲೇ.

ನಾನೂರು. ಆದರೆ ಹಳ್ಳಿ ಹಳ್ಳಿ ಆರಿಸಿ ಮಾಡುವ ಸರ್ವೆ ಇದು. ಒಂದೇ ಊರಿನವರು ಬಹುಮಟ್ಟಿಗೆ ಒಂದೇ ಥರ ಇರುತ್ತಾರೆ. ಒಂದು ಊರಲ್ಲಿ ಆಶಾ ಕಾರ್ಯಕರ್ತೆ ಚುರುಕಾಗಿದ್ದರೆ ಊರಿಗೆ ಊರೇ ಹಚ್ಚಿಕೊಳ್ಳುತ್ತದೆ. ಅದಕ್ಕಾಗಿ ಎರಡರಷ್ಟು ಮಾಡುವುದು ವಾಡಿಕೆ. ಎಂಟುನೂರು. ಸಿಗದವರು, ಒಪ್ಪದವರು ಅಂತ ಮೇಲಿಷ್ಟು.

ಮೇಷ್ಟ್ರ ಮುಖ ಅರಳಿತು. “ಹಾಗಾದರೆ ಬಿಡಿ. ಆ ಕಡೆ ಊರೂರಲ್ಲೂ ನನ್ನ ಶಿಷ್ಯರಿದ್ದಾರೆ. ಒಂದು ಫೋನ್ ಮಾಡಿದರೆ ಸಾಕು, ಎಲ್ಲರೂ ಉತ್ತರ ಕೊಡ್ತಾರೆ.”

ಅದೊಂದು ಮಾಡಬೇಡಿ! ಚೀಟಿ ಎತ್ತಿ ಯಾವ ಮನೆ ಬರುತ್ತದೋ ಆ ಮನೆಗೇ ಹೋಗಬೇಕು. ಬಾಗಿಲು ಹಾಕಿದ್ದರೆ ಇನ್ನೊಮ್ಮೆ ಹೋಗಬೇಕು, ಪಕ್ಕದ ಮನೆಗೆ ನುಗ್ಗುವಂತಿಲ್ಲ. ನಿಮ್ಮ ಶಿಷ್ಯನನ್ನು ‘ಎಣ್ಣೆ ಹಚ್ಚಿಕೊಂಡಿದ್ದೆಯಾ’ ಎಂದು ಮೇಷ್ಟ್ರ ಮಗಳು ಕೇಳಿದರೆ, ಹಚ್ಚಿರದಿದ್ದರೂ ‘ಹೂಂ ಅಕ್ಕ’ ಎನ್ನುತ್ತಾನೆ. ಗೌರವಕ್ಕೆ ಹೇಳಿದ ಆ ಹೂಂ ಥೀಸಿಸ್ಸಿನಲ್ಲಿ ಸುಳ್ಳಾಗಿ ಕೂರುತ್ತದೆ. ಅದಕ್ಕೇ ಅವಳು ಒಂದು ಉಪಾಯ ಹುಡುಕಿದ್ದಾಳೆ, ಕೇಳಿ ನನಗೆ ತುಂಬಾ ಸಂತೋಷವಾಯಿತು. ಬಾಯಲ್ಲಿ ಕೇಳುವುದರ ಜೊತೆಗೆ ಎಣ್ಣೆ ಬಾಟಲಿ ತೋರಿಸಿ ಎನ್ನುತ್ತಾಳಂತೆ. ಹಂಚಿ ಎಷ್ಟು ದಿನವಾಯಿತು, ಮನೆಯಲ್ಲಿ ಕಾಡಿಗೆ ಹೋಗುವವರೆಷ್ಟು, ಬಾಟಲಿಯಲ್ಲಿ ಎಣ್ಣೆ ಎಲ್ಲಿಯವರೆಗೆ ಇಳಿದಿದೆ ಎಂದು ಸ್ಕೇಲು ಹಿಡಿದು ಅಳೆಯುವುದು. ಸೀಲೇ ಒಡೆಯದ ಬಾಟಲಿ ಕಂಡರೆ ಆಗ ನಿಧಾನಕ್ಕೆ ಕೂತು ಮಾತಾಡಬೇಕು. ವಾಸನೆಯೇ, ಮೈ ಅಂಟಂಟೇ, ಬೆವರಿಗೆ ಇಳಿದುಹೋಗುತ್ತದೆ ಎಂಬ ಬೇಸರವೇ, ಇಲ್ಲಾ ದರಗು ಗುಡಿಸಲು ಕೂಲಿಗೆ ಬಂದ ಹೆಂಗಸಿನ ಪಾಲಿಗೆ ಬಾಟಲಿಯೇ ಬರಲಿಲ್ಲವೇ? ಕೊನೆಯದೇ ಕಾರಣವಾಗಿದ್ದರೆ ಜನರಿಗೆ ಎಷ್ಟು ಬುದ್ಧಿ ಹೇಳಿದರೂ ಫಲವಿಲ್ಲ, ಹಂಚುವ ಪಟ್ಟಿ ಬದಲಾಗಬೇಕು.

ಇದಕ್ಕೆಲ್ಲ ಮೊದಲು ಎಥಿಕ್ಸ್ ಕಮಿಟಿ ಒಪ್ಪಬೇಕು. ಅದು ಬರೀ ಡಾಕ್ಟರುಗಳ ಕೂಟವಲ್ಲ. ಕಾನೂನು ಬಲ್ಲವರಿರಬೇಕು, ಯಾವ ವೈದ್ಯಕೀಯವೂ ಗೊತ್ತಿಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು ಎಂದು ಐಸಿಎಂಆರ್ ಮಾರ್ಗಸೂಚಿ ಹೇಳುತ್ತದೆ. ಆ ಸಾಮಾನ್ಯರ ಕುರ್ಚಿಯ ಮೇಲೆ ನನಗೆ ಬಹಳ ಗೌರವ. ಮಾಹಿತಿ ಪತ್ರ ಅಂತ ಒಂದಿರುತ್ತದೆ, ಸರ್ವೆಗೆ ಮೊದಲು ಜನರಿಗೆ ಓದಿ ಹೇಳಬೇಕು. ‘ಅಧ್ಯಯನದ ಯಾವುದೇ ಹಂತದಲ್ಲಿ ತಮ್ಮ ಸಮ್ಮತಿಯನ್ನು ಹಿಂಪಡೆಯುವ ಹಕ್ಕನ್ನು ಹೊಂದಿರುತ್ತೀರಿ’ ಎಂದು ಬರೆದು ತರುತ್ತಾರೆ. ಅಡಿಕೆ ಸುಲಿಯುತ್ತಾ ಕೂತ ಅಜ್ಜಿಗೆ ಅದರಿಂದ ಏನು ತಿಳಿಯಬೇಕು? ‘ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಿ, ಬಿಟ್ಟರೂ ಆಸ್ಪತ್ರೆಯಲ್ಲಿ ನಿಮ್ಮನ್ನು ಯಾವಾಗಿನಂತೆಯೇ ನೋಡುತ್ತಾರೆ’ ಎಂದರೆ ತಿಳಿಯುತ್ತದೆ. ಓದಲು ಬಾರದವರ ಹೆಬ್ಬೆಟ್ಟು ಹಾಕಿಸುವಾಗ, ಈ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ, ನನ್ನ ವಿದ್ಯಾರ್ಥಿಗಳಿಗೆಲ್ಲ ಇದನ್ನು ಬೇಸರ ಬರುವಷ್ಟು ಹೇಳಿದ್ದೇನೆ.

ಇಲ್ಲೇ ಕಾಲದ ಲೆಕ್ಕ ಬರುವುದು. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಎಲೆ ಒಣಗಿ, ಉಣುಗಿನ ಮರಿಗಳು ಎದ್ದು, ಜನ ಸೊಪ್ಪಿನ ಬೆಟ್ಟಕ್ಕೆ ಹೋಗುವ ದಿನಗಳು. ಕಮಿಟಿಯವರು ಎರಡು ತಿದ್ದುಪಡಿ ಕೇಳಿ, ಅವಳು ತಿದ್ದಿ ಕೊಟ್ಟು, ಒಪ್ಪಿಗೆ ಪತ್ರ ಕೈಗೆ ಬರುವ ಹೊತ್ತಿಗೆ ಏಪ್ರಿಲ್ ಆದರೆ? ಒಂದು ಮಳೆ ಬಿದ್ದರೆ ಆ ವರ್ಷದ ಕಥೆ ಮುಗಿಯಿತು. ಮುಂದಿನ ಡಿಸೆಂಬರಿಗೆ ಕಾಯಬೇಕು. ‘ಇಷ್ಟು ದಿನ ಏನು ಮಾಡ್ತಿದ್ದೆ’ ಎಂದು ನೆಂಟರು ಕೇಳುತ್ತಾರಲ್ಲ, ಈ ಕಾಯುವಿಕೆ ಅವರಿಗೆ ಕಾಣುವುದಿಲ್ಲ. ಅದಕ್ಕೇ ಜುಲೈ ಒಳಗೆ ಕಮಿಟಿಗೆ ಕಾಗದ ಸೇರಿಸು ಎಂದು ಅವಳ ಬೆನ್ನು ಬಿದ್ದಿದ್ದೇನೆ.

ಆರಾರು ತಿಂಗಳಿಗೆ ಸಲಹಾ ಸಮಿತಿಯ ಮುಂದೆ ನಿಂತು ಏನೇನಾಯಿತು ಒಪ್ಪಿಸಬೇಕು. ಮೊದಲೆರಡು ಸಲ ಹುರುಪಿರುತ್ತದೆ. ಮೂರನೇ ವರ್ಷ ಕಷ್ಟ. ಜೊತೆಗೆ ಓದಿದವರು ಕ್ಲಿನಿಕ್ ತೆರೆದು ನೆಲೆ ಕಂಡಿರುತ್ತಾರೆ, ಇವಳು ಕಂಪ್ಯೂಟರ್ ಮುಂದೆ ಎಂಟುನೂರು ಮನೆಯ ಉತ್ತರಗಳನ್ನು ಒಂದೊಂದಾಗಿ ತುಂಬುತ್ತಾ, ಮೂವತ್ತೆರಡನೇ ಮನೆಯ ಯಜಮಾನನಿಗೆ 230 ವರ್ಷ ಎಂದು ತಪ್ಪಾಗಿ ಕೂತದ್ದನ್ನು ಹುಡುಕಿ ತಿದ್ದುತ್ತಿರುತ್ತಾಳೆ. ಅಂದುಕೊಂಡದ್ದು ಲೆಕ್ಕದಲ್ಲಿ ಬರದೆಯೂ ಹೋಗಬಹುದು. ಓದಿದವರೇ ಹೆಚ್ಚು ಹಚ್ಚಿಕೊಳ್ಳುತ್ತಾರೆ ಎಂದು ಅವಳ ಊಹೆ. ಹಾಗಿಲ್ಲ ಎಂದು ಬಂದರೆ ಹಾಗಿಲ್ಲ ಎಂದೇ ಬರೆಯಬೇಕು. ಅದೂ ಉತ್ತರವೇ. ಆ ದಿನ ಅವಳು ಸಪ್ಪೆ ಮುಖ ಹೊತ್ತು ಮನೆಗೆ ಬಂದರೆ, ಯಾವಾಗ ಮುಗಿಯುತ್ತೆ ಅಂತ ಕೇಳಬೇಡಿ ಮೇಷ್ಟ್ರೇ. ಈ ವಾರ ಏನು ಗೊತ್ತಾಯ್ತು ಅಂತ ಕೇಳಿ. ಹೇಳುತ್ತಾ ಹೇಳುತ್ತಾ ಅವಳಿಗೇ ದಾರಿ ಹೊಳೆಯುತ್ತದೆ.

“ಕೊನೆಗೆ ಪರೀಕ್ಷೆ?”

ಬರೆದದ್ದು ಇನ್ನೊಬ್ಬರದಲ್ಲ ಎಂದು ಸಾಫ್ಟ್‌ವೇರ್ ತಾಳೆ ನೋಡುತ್ತದೆ. ಹೋಲಿಕೆ ನೂರಕ್ಕೆ ಹತ್ತು ದಾಟಿದರೆ ತಿದ್ದಿಕೊಂಡು ಬರಬೇಕು. ಹೊರಗಿನ ಇಬ್ಬರು ಪರೀಕ್ಷಕರಾದರೂ ಓದುತ್ತಾರೆ. ಆಮೇಲೆ ವೈವಾ. ಅದು ಬಾಗಿಲು ಮುಚ್ಚಿದ ಕೋಣೆಯಲ್ಲಲ್ಲ, ಎಲ್ಲರಿಗೂ ತೆರೆದದ್ದು, ನೀವೂ ಹಿಂದಿನ ಸಾಲಿನಲ್ಲಿ ಕೂರಬಹುದು. ಥೀಸಿಸ್ ‘ಶೋಧಗಂಗಾ’ ಜಾಲತಾಣಕ್ಕೆ ಏರುತ್ತದೆ. ಆದರೆ ಬಾಟಲಿ ತೋರಿಸಿದ ಆ ಎಂಟುನೂರು ಮನೆಯವರು ಶೋಧಗಂಗಾ ನೋಡುತ್ತಾರೆಯೇ? ಅವರಿಗೆ ಗ್ರಾಮಸಭೆಯಲ್ಲಿ ನಿಂತು ಹೇಳಬೇಕು, ಪಂಚಾಯಿತಿಯ ಗೋಡೆಗೆ ದಪ್ಪಕ್ಷರದ ಒಂದು ಹಾಳೆ ಅಂಟಿಸಬೇಕು. ಪದವಿ ಸಿಕ್ಕ ಮೇಲೆ ಈ ಕೆಲಸವನ್ನು ಎಷ್ಟೋ ಜನ ಬಿಟ್ಟೇಬಿಡುತ್ತಾರೆ. ಆ ಹಾಳೆ ಬರೆದುಕೊಡುವುದು ನಿಮ್ಮ ಪಾಲಿನ ಕೆಲಸ ಎಂದೆ.

ಮೇಷ್ಟ್ರು ಹೂವಿನ ಬುಟ್ಟಿಯನ್ನು ಕಲ್ಲಿನ ಮೇಲಿಟ್ಟರು. “ಅದಕ್ಕಿನ್ನೂ ಐದಾರು ವರ್ಷ ಇದೆಯಲ್ಲ ಮೇಡಂ.”

“ಮಾಹಿತಿ ಪತ್ರ ಮಾತ್ರ ಈ ತಿಂಗಳೇ ಆಗಬೇಕು. ಅವಳು ಬರೆದದ್ದು ನನ್ನ ಮೇಜಿನ ಮೇಲಿದೆ, ನಾಲ್ಕು ಪುಟ. ಎರಡು ಪುಟಕ್ಕೆ ಇಳಿಸಬೇಕು.”

“ಕೊಡಿ” ಎಂದು ಬೇಲಿಯ ಮೇಲಿಂದ ಕೈ ಚಾಚಿದರು. “ಕೆಂಪು ಪೆನ್ನು ಮನೇಲಿದೆ.”