ಬೇವಿನ ನೆರಳಲ್ಲಿ ತಮ್ಮ ಕಾರು ಕ್ಷೇಮ

ಬಿಸಿಲು ಜಾಗೃತಿ ಜಾಥಾದ ಮಾನ್ಯ ಮುಖ್ಯ ಅತಿಥಿಗಳಿಗೆ,

ಕಲಬುರಗಿಯಿಂದ ಎರಡನೇ ತರಗತಿ ಹುಡುಗಿಯೊಬ್ಬಳ ಮುತ್ಯಾ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ನಮ್ಮ ಕಡೆ ಕುಶಲ ತುಸು ಕಡಿಮೆ. ಮೊಮ್ಮಗಳ ಮೈ ಇನ್ನೂ ಬೆಚ್ಚಗಿದೆ.

ಬಿಸಿಲಿನಿಂದ ಮಕ್ಕಳನ್ನು ಕಾಪಾಡುವುದು ಹೇಗೆಂದು ಊರಿಗೆ ತಿಳಿಸಲು ಮಾರ್ಚ್ ಕೊನೆಯ ವಾರ ಮಕ್ಕಳನ್ನೇ ಬಿಸಿಲಿಗೆ ನಿಲ್ಲಿಸಿದಿರಲ್ಲ, ಆ ಉಪಾಯ ನಮ್ಮಂಥ ದಡ್ಡರಿಗೆ ಹೊಳೆಯುತ್ತಿರಲಿಲ್ಲ. ಒಂಬತ್ತೂವರೆಗೆ ಎಂದಿದ್ದ ಜಾಥಾಕ್ಕೆ ತಾವು ದಯಮಾಡಿಸಿದ್ದು 11.40ಕ್ಕೆ. ‘11ರಿಂದ 4ರವರೆಗೆ ಮಕ್ಕಳನ್ನು ಹೊರಗೆ ಬಿಡಬೇಡಿ’ ಎಂಬ ಬ್ಯಾನರ್ ಹಿಡಿದು ನಿಂತವರು ನಾಲ್ಕನೇ ತರಗತಿಯ ಇಬ್ಬರು ಹುಡುಗರು. ಬಿಡದಿದ್ದರೆ ಬ್ಯಾನರ್ ಹಿಡಿಯುವವರು ಯಾರು, ಅದೂ ನಿಜವೇ.

ಮೈದಾನದಲ್ಲಿರುವುದು ಒಂದೇ ಬೇವಿನ ಮರ. ಅದರಡಿ ತಮ್ಮ ಕಾರು ನಿಂತಿತು. ಮುಚ್ಚಿದ ಕಾರು ಬಿಸಿಲಲ್ಲಿ ನೋಡನೋಡುತ್ತ ಒಲೆಯಾಗುತ್ತದೆ, ಕಿಟಕಿ ತುಸು ಇಳಿಸಿಟ್ಟರೂ ಪ್ರಯೋಜನವಿಲ್ಲ, ಮಕ್ಕಳನ್ನು ಅದರೊಳಗೆ ಬಿಟ್ಟು ಹೋಗಬೇಡಿ ಎಂದು ತಾವೇ ಭಾಷಣದಲ್ಲಿ ಅಂದಿರಿ. ಪುಣ್ಯಕ್ಕೆ ಸಾಲಿನಲ್ಲಿದ್ದ ಮಕ್ಕಳ ಪೈಕಿ ಯಾರ ಮನೆಯಲ್ಲೂ ಕಾರಿಲ್ಲ.

ನನ್ನ ಮೊಮ್ಮಗಳ ಕೈಗೆ ‘ನೀರು ಕುಡಿಯಿರಿ’ ಎಂಬ ರಟ್ಟು ಕೊಟ್ಟಿದ್ದರು. ಸಾಕಾಗಿ ಅದನ್ನು ತಲೆಯ ಮೇಲೆ ಅಡ್ಡ ಹಿಡಿದಳು. ನೆರಳು ಮೂಗಿನವರೆಗೆ ಬಿತ್ತು. ಮಕ್ಕಳ ಇಡೀ ಸಾಲಿನಲ್ಲಿ ಬಿಸಿಲನ್ನು ತಡೆದದ್ದು ಆ ರಟ್ಟೊಂದೇ. ಅಷ್ಟರಲ್ಲಿ ಫೋಟೋದವನು, ‘ಏ ಪೋರಿ, ಸೀದಾ ಹಿಡಿ, ಅಕ್ಷರ ಕಾಣವಲ್ವು’ ಅಂದ. ಹಿಡಿದಳು. ‘ಮುತ್ಯಾ, ನೀರು ಎಲ್ಲದಾವ?’ ಅಂದಳು. ಬಾಟಲಿಗಳು ವೇದಿಕೆಯ ಮೇಲಿದ್ದವು, ಶಾಮಿಯಾನದಡಿ, ತಮಗೆ ಹಾಕಿದ್ದ ಹಾರದ ಪಕ್ಕ.

ಕೂಸುಗಳ ತಾಯಂದಿರನ್ನೂ ಕರೆಸಿದ್ದಿರಿ. ಕೂಸಿಗೆ ಸನ್‌ಸ್ಕ್ರೀನ್ ಹಚ್ಚಿ, ನೀರು ಕುಡಿಸಿ ಎಂದು ಕರಪತ್ರ ಹಂಚಿದಿರಿ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮಿಗಿಂತ ನೆರಳೇ ಮದ್ದು, ನೀರು ಬೇಡ, ಪದೇ ಪದೇ ಎದೆಹಾಲು ಕುಡಿಸಿದರೆ ಸಾಕು ಎಂದು ಆಶಾ ಕಾರ್ಯಕರ್ತೆ ಪಕ್ಕದವಳಿಗೆ ಪಿಸುಗುಟ್ಟಿದಳು. ಮೈಕು ತಮ್ಮ ಬಳಿ ಇತ್ತು. ಒಬ್ಬ ಅಜ್ಜಿ ಮಾತ್ರ ಮೊಮ್ಮಗನಿಗೆ ತೆಳು ಅರಿವೆಯ ಕುಂಚಿಗಿ ಕಟ್ಟಿ ತಂದಿದ್ದಳು. ತಲೆ, ಕಿವಿ, ಕುತ್ತಿಗೆ ಎಲ್ಲ ಅದರೊಳಗೆ. ಕರಪತ್ರ ಅವಳಿಗೂ ಉಪಯೋಗಕ್ಕೆ ಬಂತು, ಗಾಳಿ ಬೀಸಲು.

ಏಪ್ರಿಲ್, ಮೇ ಬಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಡತಗಳಿಗೂ ಬಿಸಿಲು ತಟ್ಟುತ್ತದೆ. ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ, ಆದರೆ ಅವಕ್ಕೆ ಸಂಘವಿಲ್ಲ.

ಮುಂದಿನ ವರ್ಷವೂ ಜಾಥಾ ಇದ್ದೇ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಬನ್ನಿ. ಆಗದಿದ್ದರೆ ಕಾರನ್ನಾದರೂ ಬೇರೆ ಕಡೆ ನಿಲ್ಲಿಸಿ. ಆ ಮರದಡಿ ನಲವತ್ತು ಮಕ್ಕಳು ಹಿಡಿಯುತ್ತಾರೆ, ತಾವು ಹೋದ ಮೇಲೆ ಎಣಿಸಿ ನೋಡಿದ್ದೇನೆ.

ಇಂತಿ,
ರಟ್ಟು ಹಿಡಿದವಳ ಮುತ್ಯಾ