ವೈಫೈ ವಾರಾನ್ನ

ಹಿಂದಿನ ತಲೆಮಾರಿನ ಬಡ ವಿದ್ಯಾರ್ಥಿಗಳು ಸೋಮವಾರ ವಕೀಲರ ಮನೆ, ಮಂಗಳವಾರ ಅಮಲ್ದಾರರ ಮನೆ, ಬುಧವಾರ ಮಕ್ಕಳಿಲ್ಲದ ಯಾವಳೋ ಪುಣ್ಯಾತ್ಗಿತ್ತಿಯ ಮನೆ ಎಂಬುದಾಗಿ ವಾರಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಉಂಡು, ಓದಿ, ಕಾಲಕ್ರಮದಲ್ಲಿ ದೊಡ್ಡ ಹುದ್ದೆಗಳನ್ನು ಅಲಂಕರಿಸಿದರೆಂಬುದನ್ನು ಕೇಳಿ ಬೆಳೆದ ನಮ್ಮಲ್ಲಿ ಅನೇಕರು, ಆ ವಾರಾನ್ನದ ಪದ್ಧತಿ ಈಗ ಸಂಪೂರ್ಣವಾಗಿ ಅಳಿದುಹೋಯಿತೆಂದು ಭಾವಿಸಿದ್ದಾರೆ. ಅದು ಅಳಿದಿಲ್ಲ. ಪರದೇಶಕ್ಕೆ ಹೋಗಿ, ರೋಮಿಂಗ್ ಶುಲ್ಕವನ್ನು ತೆರಲೊಲ್ಲದೆ, ವೈಫೈ ದೊರೆತೆಡೆಯಲ್ಲಿ ಮಾತ್ರ ಮೊಬೈಲನ್ನು ಬಳಸುವೆನೆಂದು ಸಂಕಲ್ಪ ತೊಟ್ಟ ಯಾವ ಭಾರತೀಯನನ್ನಾದರೂ ನೋಡಿ. ಯಾವ ಬೀದಿಯಲ್ಲಿ ಯಾರು ಉದಾರಿಗಳು, ಯಾವ ಹೊತ್ತಿಗೆ ಹೋದರೆ ಬಾಗಿಲು ತೆರೆದಿರುತ್ತದೆ, ಎಲ್ಲಿ ಹೊಟ್ಟೆ ತುಂಬುವಷ್ಟು, ಎಲ್ಲಿ ಅರ್ಧ ಗಂಟೆಗೆಂದು ಅಳೆದು ಬಡಿಸುತ್ತಾರೆ ಎಂಬುದೆಲ್ಲ ಆತನಿಗೆ ಕಂಠಪಾಠವಾಗಿರುತ್ತದೆ.

ಮಗಳೂ ಅಳಿಯನೂ ಲಂಡನ್ನಿನ ಹೊರವಲಯದಲ್ಲಿ ಸಂಸಾರ ಹೂಡಿರುವುದರಿಂದ, ನಮ್ಮ ದಂಪತಿಗಳಿಗೆ ಅಲ್ಲಿಗೆ ಹೋಗಿಬರುವ ಯೋಗ ನಿವೃತ್ತಿಯ ಅನಂತರ ಒದಗಿತು. ಹೊರಡುವ ಮುನ್ನ, ಅಂಥದೇ ಯಾತ್ರೆಯನ್ನು ಮುಗಿಸಿ ಬಂದಿದ್ದ ನಮ್ಮ ಬಡಾವಣೆಯ ಹಿರಿಯರೊಬ್ಬರು ಮನೆಗೆ ಬಂದು ಎಚ್ಚರಿಕೆಯ ಮಾತು ಹೇಳಿದರು. ಅವರು ವಿಮಾನದಿಂದಿಳಿದು ಪೆಟ್ಟಿಗೆಗಳಿಗಾಗಿ ಕಾಯುತ್ತ ನಿಂತಿದ್ದ ಅಲ್ಪಾವಧಿಯಲ್ಲಿ, ಜೇಬಿನೊಳಗಿದ್ದ ಫೋನು ಯಜಮಾನನ ಅಪ್ಪಣೆಗೆ ಕಾಯದೆ, ಮೊಮ್ಮಗನ ನಾಮಕರಣದಲ್ಲಿ ತೆಗೆದ ಫೋಟೋಗಳನ್ನೆಲ್ಲ ಆಕಾಶಮಾರ್ಗವಾಗಿ ಯಾವುದೋ ಉಗ್ರಾಣಕ್ಕೆ ಸಾಗಿಸತೊಡಗಿತಂತೆ. ತಿಂಗಳ ಕೊನೆಗೆ ಬಂದ ಬಿಲ್ಲನ್ನು ನೋಡಿದರೆ ನಾಮಕರಣದ ಊಟದ ಖರ್ಚಿಗಿಂತ ಫೋಟೋಗಳ ಸಾಗಾಣಿಕೆಯ ಖರ್ಚೇ ಮಿಗಿಲಾಗಿತ್ತಂತೆ. ಈ ಉಪಾಖ್ಯಾನದಲ್ಲಿ ಉತ್ಪ್ರೇಕ್ಷೆ ಎಷ್ಟೆಂಬುದನ್ನು ನಾನು ವಿಚಾರಿಸಹೋಗಲಿಲ್ಲ. ನನ್ನ ಸಂಕಲ್ಪಕ್ಕೆ ಒಂದು ಉಪಾಖ್ಯಾನದ ಆಧಾರ ಬೇಕಾಗಿತ್ತು; ಸಿಕ್ಕಿತು.

ಮಗಳು ಮಾತ್ರ ಒಪ್ಪಲಿಲ್ಲ. “ಅಪ್ಪಾ, ಹತ್ತು ಪೌಂಡು ಕೊಟ್ಟರೆ ಇಲ್ಲಿಯದೇ ಒಂದು ಸಿಮ್ ಬರತ್ತೆ, ಯಾಕೆ ಸುಮ್ಮನೆ ಒದ್ದಾಡ್ತೀರಾ?” ಎಂದಳು. ಪೌಂಡೆಂಬ ಮಾತು ಕಿವಿಗೆ ಬಿದ್ದೊಡನೆ ಅದನ್ನು ನೂರಕ್ಕೂ ಮೇಲ್ಪಟ್ಟ ಒಂದು ಸಂಖ್ಯೆಯಿಂದ ಗುಣಿಸದೆ ಇರುವ ಶಕ್ತಿ ಆ ದೇಶದಲ್ಲಿ ಸಂಬಳ ಪಡೆಯುವವರಿಗೆ ಉಂಟು, ಪಿಂಚಣಿ ಪಡೆದು ಅಲ್ಲಿಗೆ ಹೋದವರಿಗೆ ಇಲ್ಲ. ಒಳಗಿನಿಂದ ನನ್ನ ಹೆಂಡತಿ, “ನಿಮ್ಮಪ್ಪಂಗೆ ಹೇಳಿ ಪ್ರಯೋಜನ ಇಲ್ಲ ಬಿಡೇ. ರಾತ್ರಿ ಹನ್ನೊಂದು ಗಂಟೆ ತನಕ ಎಸ್‌ಟಿಡಿ ಬೂತಿನ ಮುಂದೆ ನಿಂತಿದ್ದು, ಕಾಲು ದರಕ್ಕೆ ಮಾತಾಡ್ತಿದ್ದೋರು ಅವರು” ಎಂದಳು. ಆಕ್ಷೇಪಣೆಯ ಧಾಟಿಯಲ್ಲಿ ಹೇಳಿದ ಮಾತಾದರೂ ನನಗೆ ಅದು ಪ್ರಶಸ್ತಿಪತ್ರದಂತೆಯೇ ಕೇಳಿಸಿತು.

ಏಕೆಂದರೆ, ನಮ್ಮ ಪೀಳಿಗೆಯವರ ಮಿತವ್ಯಯ ಒಂದು ದಿನದಲ್ಲಿ ಕಲಿತ ವಿದ್ಯೆಯಲ್ಲ. 1995ರಲ್ಲಿ ಮೊಬೈಲೆಂಬುದು ನಮ್ಮ ದೇಶಕ್ಕೆ ಕಾಲಿಟ್ಟಾಗ, ಕರೆ ಮಾಡಿದವನು ತೆರುವುದಷ್ಟೇ ಅಲ್ಲದೆ ಕರೆ ಸ್ವೀಕರಿಸಿದವನೂ ತೆರಬೇಕಾಗಿತ್ತು. ಅನ್ಯರು ಆಡಿದ ಮಾತನ್ನು ಕೇಳಿಸಿಕೊಂಡದ್ದಕ್ಕೆ ನಾವು ಹಣ ಕೊಡುವ ಆ ವಿಚಿತ್ರ ನ್ಯಾಯ 2003ರಲ್ಲಿ ಒಳಬರುವ ಕರೆಗಳು ಉಚಿತವಾಗುವವರೆಗೂ ನಡೆದುಬಂತು. ಆ ಸಂಕಟದಲ್ಲಿ ಹುಟ್ಟಿದ್ದೇ ಮಿಸ್ಡ್ ಕಾಲ್ ಎಂಬ ಕಲೆ. ಒಂದು ಸಲ ಗಂಟೆಯಾಗಿ ನಿಂತರೆ ಊರು ತಲುಪಿದೆವೆಂದೂ, ಎರಡು ಸಲವಾದರೆ ಬಸ್‌ಸ್ಟ್ಯಾಂಡಿಗೆ ಸ್ಕೂಟರು ತರತಕ್ಕದ್ದೆಂದೂ, ಮೂರು ಸಲವಾದರೆ ನಿಜಕ್ಕೂ ಏನೋ ಆಗಿದೆ, ಎತ್ತಬಹುದೆಂದೂ ಮನೆಮನೆಗಳಲ್ಲಿ ಸಂಹಿತೆಗಳೇ ಇದ್ದವು. ಒಳಬರುವ ಕರೆ ಉಚಿತವಾದ ಮೇಲೂ ನಮ್ಮ ಟೆಲಿಕಾಂ ವೃತ್ತದಾಚೆಗೆ ಕಾಲಿಟ್ಟರೆ ರೋಮಿಂಗ್ ಕಾಟ ತಪ್ಪಿರಲಿಲ್ಲ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಬಸ್ಸು ಅತ್ತಿಬೆಲೆಯನ್ನು ದಾಟುತ್ತಲೂ ಪ್ರಯಾಣಿಕರೆಲ್ಲ ಸಂಧ್ಯಾವಂದನೆಯ ಹೊತ್ತಾಯಿತೋ ಎಂಬಂತೆ ಏಕಕಾಲದಲ್ಲಿ ತಲೆ ತಗ್ಗಿಸಿ ಫೋನುಗಳನ್ನು ಆರಿಸುತ್ತಿದ್ದ ದೃಶ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಪನಿಗಳ ಪೈಪೋಟಿಯಿಂದ ಸುಮಾರು 2017ರಲ್ಲಿ ಅದು ನಿಂತಿತು; ಅದೇ ವರ್ಷದ ಜೂನ್ 15ರಂದು ಐರೋಪ್ಯ ಒಕ್ಕೂಟವೂ ತನ್ನ ದೇಶದೇಶಗಳ ನಡುವಣ ರೋಮಿಂಗ್ ಶುಲ್ಕವನ್ನು ರದ್ದುಗೊಳಿಸಿತು. ಅತ್ತಿಬೆಲೆಗೂ ಆಲ್ಪ್ಸ್ ಪರ್ವತಕ್ಕೂ ಒಂದೇ ವರ್ಷದಲ್ಲಿ ವಿಮೋಚನೆ ದೊರೆಯಿತೆಂಬುದನ್ನು ಯಾವ ಇತಿಹಾಸಕಾರನೂ ಇನ್ನೂ ಗಮನಿಸಿದಂತಿಲ್ಲ.

ಅಂತರರಾಷ್ಟ್ರೀಯ ರೋಮಿಂಗಿಗೆ ಅಂಥ ಮೋಕ್ಷವಿನ್ನೂ ಆಗಿಲ್ಲ. ಅದರ ಕ್ರಮ ಹೇಗೆಂದರೆ, ಫೋನು ಪರದೇಶದ ನೆಲವನ್ನು ಮುಟ್ಟಿ ಎಚ್ಚರಗೊಂಡ ಕೂಡಲೇ ಹತ್ತಿರದ ಟವರೊಂದಕ್ಕೆ ತನ್ನ ಸಿಮ್ಮಿನ ಕುಲಗೋತ್ರಗಳನ್ನು ಹೇಳಿಕೊಳ್ಳುತ್ತದೆ; ಆ ಟವರಿನ ಒಡೆಯರು ನಮ್ಮೂರಿನ ಕಂಪನಿಯವರನ್ನು, ಈತ ನಿಮ್ಮವನು ಹೌದೆ, ಸಾಲದ ಮೇಲೆ ಬಡಿಸಬಹುದೆ ಎಂದು ಕ್ಷಣಾರ್ಧದಲ್ಲಿ ವಿಚಾರಿಸುತ್ತಾರೆ; ಹೌದೆಂದರೆ ಬಡಿಸಿ, ಲೆಕ್ಕ ಬರೆದು ಕಳುಹಿಸುತ್ತಾರೆ; ನಮ್ಮವರು ಅವರಿಗೆ ಸಗಟು ದರದಲ್ಲಿ ತೆತ್ತು, ನಮ್ಮಿಂದ ಚಿಲ್ಲರೆ ದರದಲ್ಲಿ ವಸೂಲು ಮಾಡುತ್ತಾರೆ. ಸಗಟಿಗೂ ಚಿಲ್ಲರೆಗೂ ನಡುವೆ ಇರುವ ಅಂತರವನ್ನು ಬಲ್ಲವನು ವಿಮಾನದಲ್ಲಿ ಹಾಕಿದ ಏರೋಪ್ಲೇನ್ ಮೋಡನ್ನು ಇಳಿದ ಮೇಲೂ ತೆಗೆಯುವುದಿಲ್ಲ. ವೈಫೈ ಒಂದನ್ನು ಮಾತ್ರ ಬೇರೆಯಾಗಿ ಹಾಕಿಕೊಳ್ಳುತ್ತಾನೆ. ಹೀಗೆ ನಾನು ಲಂಡನ್ನಿನ ಬೀದಿಗಳಲ್ಲಿ ನಡೆದಾಡುತ್ತಿದ್ದರೂ ನನ್ನ ಫೋನಿನ ದೃಷ್ಟಿಯಲ್ಲಿ ಇನ್ನೂ ಆಕಾಶದಲ್ಲಿಯೇ ಹಾರುತ್ತಿದ್ದೆ.

ಮನೆಯಲ್ಲಿದ್ದಾಗ ಅಳಿಯನ ವೈಫೈ ಧಾರಾಳವಾಗಿ ದೊರೆಯುತ್ತಿತ್ತು. ಹೊರಗೆ ಹೊರಟರೆ ವಾರಾನ್ನ. ಬಡಾವಣೆಯ ಸಾರ್ವಜನಿಕ ಗ್ರಂಥಾಲಯ ನನ್ನ ಸೋಮವಾರದ ಮನೆಯಾಯಿತು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಒಂದು ಪುಸ್ತಕವನ್ನು ಎದುರಿಗೆ ತೆರೆದಿಟ್ಟುಕೊಂಡರೆ ಉಭಯ ಪಕ್ಷಕ್ಕೂ ಗೌರವ. ಕಾಫಿ ಅಂಗಡಿಗಳಲ್ಲಿ ವೈಫೈ ಉಚಿತವೆಂದು ಬರೆದಿರುತ್ತದೆ, ಆದರೆ ಕಾಫಿ ಉಚಿತವಲ್ಲ. ಅದನ್ನೂ ನೂರಕ್ಕೆ ಮೇಲ್ಪಟ್ಟು ಗುಣಿಸಿದರೆ ರೋಮಿಂಗೇ ವಾಸಿಯೆನಿಸುವ ಅಪಾಯವಿರುವುದರಿಂದ ಆ ಮನೆಯನ್ನು ತುರ್ತಿಗೆಂದು ಇಟ್ಟುಕೊಂಡೆ. ನೆಲದಡಿಯ ರೈಲಿನ ನಿಲ್ದಾಣಗಳಲ್ಲಿ 2012ರ ಒಲಿಂಪಿಕ್ಸಿನ ಕಾಲಕ್ಕೆ ವೈಫೈ ಹಾಕಿಸಿ ಮೊದಲು ಎಲ್ಲರಿಗೂ ಬಡಿಸಿದ್ದರು. ಆಮೇಲೆ ಅದು ಆ ದೇಶದ ಮೊಬೈಲ್ ಕಂಪನಿಗಳ ಗ್ರಾಹಕರಿಗೆ ಮಾತ್ರವೆಂದಾಯಿತು, ಪಂಕ್ತಿಭೇದ ನಮ್ಮಲ್ಲಿ ಮಾತ್ರ ಉಂಟೆಂದು ತಿಳಿದವರು ಅಲ್ಲಿ ಒಮ್ಮೆ ನಿಂತು ನೋಡಬೇಕು. ಇನ್ನು, ಸರ್ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಜಗತ್ಪ್ರಸಿದ್ಧ ಕೆಂಪು ಟೆಲಿಫೋನ್ ಪೆಟ್ಟಿಗೆಗಳು ಕೆಲವೆಡೆ ಪುಸ್ತಕದ ಕಪಾಟುಗಳಾಗಿ ವಾನಪ್ರಸ್ಥವನ್ನು ಕೈಗೊಂಡಿವೆ. ಹಳೆಯ ಟೆಲಿಫೋನ್ ಕಟ್ಟೆಗಳಿದ್ದ ಕೆಲವು ಬೀದಿಗಳಲ್ಲಿ 2017ರಿಂದೀಚೆಗೆ, ಪುಕ್ಕಟೆ ವೈಫೈ ಕೊಡುವ ಎತ್ತರದ ಕಂಬಗಳನ್ನು ನಿಲ್ಲಿಸಿದ್ದಾರೆ. ಜಾಹೀರಾತುಗಳನ್ನು ಮಿನುಗಿಸುತ್ತ ನಿಂತ ಅಂಥ ಒಂದು ಕಂಬವನ್ನು ಆನಿಕೊಂಡು ನಾನು ಮೈಸೂರಿನ ನನ್ನ ತಮ್ಮನೊಡನೆ ತೆಂಗಿನಕಾಯಿಯ ಧಾರಣೆಯನ್ನು ಕುರಿತು ಸಾವಧಾನವಾಗಿ ಮಾತನಾಡಿದ್ದುಂಟು.

ಆದರೆ ಎಲ್ಲಕ್ಕಿಂತ ಸಂಪನ್ನವಾದ ಮನೆಗಳೆಂದರೆ ವಸ್ತುಸಂಗ್ರಹಾಲಯಗಳು. ಪ್ರವೇಶ ಉಚಿತ, ವೈಫೈ ಉಚಿತ, ಕೂಡಲು ಬೆಂಚು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಆಂಧ್ರದ ಅಮರಾವತಿ ಸ್ತೂಪದ ಶಿಲ್ಪಗಳನ್ನು ಗಾಜಿನಾಚೆ ಸಾಲಾಗಿ ನಿಲ್ಲಿಸಿದ ಕೊಠಡಿಯೊಂದಿದೆ. ಬುದ್ಧನ ಚರಿತ್ರೆಯನ್ನು ಸುಣ್ಣಕಲ್ಲಿನಲ್ಲಿ ಕಡೆದ ಆ ಫಲಕಗಳ ಮುಂದೆ, ನಾನು ತಲೆ ತಗ್ಗಿಸಿ, ಎರಡೂ ಕೈಗಳನ್ನು ಎದೆಯ ಹತ್ತಿರ ಜೋಡಿಸಿ, ತುಟಿಯನ್ನು ಮಾತ್ರ ಅಲುಗಿಸುತ್ತ ಬಹಳ ಹೊತ್ತು ನಿಂತಿದ್ದೆ. ಕೈಗಳ ನಡುವೆ ಫೋನಿತ್ತು. ಬಾಯಲ್ಲಿ, ಭಾವಮೈದುನ ಕಳುಹಿಸಿದ್ದ ನಿವೇಶನದ ಖಾತೆಯ ವಿವರಗಳಿದ್ದವು. ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಗಂಡನ ತೋಳನ್ನು ಮೆಲ್ಲನೆ ಹಿಡಿದು, ನನ್ನ ಧ್ಯಾನಕ್ಕೆ ಭಂಗ ಬಾರದಂತೆ ತುದಿಗಾಲಿನಲ್ಲಿ ಆಚೆಗೆ ಕರೆದೊಯ್ದರು. ಎರಡು ದೇಶಗಳ ನಡುವಣ ಸಾಂಸ್ಕೃತಿಕ ಬಾಂಧವ್ಯವನ್ನು ಕೆಡಿಸಲು ಇಚ್ಛಿಸದೆ ನಾನೂ ಸುಮ್ಮನಿದ್ದೆ.

ಉಣ್ಣುವವನಿಗೆ ಕಷ್ಟಗಳಿಲ್ಲದಿಲ್ಲ. ಕೆಲವೆಡೆ ಎಲೆ ಹಾಕುವ ಮುನ್ನ ಹೆಸರು, ಜನ್ಮದಿನಾಂಕ, ಈಮೇಲು ವಿಳಾಸಗಳನ್ನು ಕೇಳಿ, ಯಾವ ಮಾನವನೂ ಈವರೆಗೆ ಓದದ ನಿಬಂಧನೆಗಳಿಗೆ ಒಪ್ಪಿಗೆಯನ್ನು ಪಡೆಯುತ್ತಾರೆ. ಅದನ್ನು ಸಹಿಸಬಹುದು. ಮೊಬೈಲ್ ನಂಬರನ್ನು ಕೇಳಿ, ಅದಕ್ಕೆ ಒಟಿಪಿ ಕಳುಹಿಸುವೆವೆನ್ನುವವರನ್ನು ಏನೆನ್ನೋಣ? ಸಿಮ್ಮನ್ನು ಎಬ್ಬಿಸಬಾರದೆಂದೇ ಅವರ ಬಾಗಿಲಿಗೆ ಬಂದವನಿಗೆ, ಸಿಮ್ಮನ್ನು ಎಬ್ಬಿಸಿದರೆ ಬಾಗಿಲು ತೆರೆಯುವೆವೆಂಬ ಉತ್ತರ! ಹಾಗೆಂದು ಅವರನ್ನಷ್ಟೇ ಬೈಯುವ ಹಕ್ಕು ನಮಗಿಲ್ಲ. 2016ರಲ್ಲಿ ಮುಂಬಯಿ ಸೆಂಟ್ರಲಿನಿಂದ ಪ್ರಾರಂಭಿಸಿ ನಮ್ಮ ರೈಲ್ವೆ ನಿಲ್ದಾಣಗಳಲ್ಲಿ ಹಾಕಿದ ಉಚಿತ ವೈಫೈಗೂ ಇದೇ ಒಟಿಪಿಯ ದ್ವಾರಪಾಲಕನಿದ್ದಾನೆ. ಬಡಿಸುವವರ ಭಯವೂ ನಿರಾಧಾರವಲ್ಲ: ಜರ್ಮನಿಯಲ್ಲಿ ಬಹುಕಾಲ, ಕಾಫಿ ಅಂಗಡಿಯ ವೈಫೈ ಬಳಸಿ ಗಿರಾಕಿಯೊಬ್ಬ ಕದ್ದ ಸಿನಿಮಾ ಇಳಿಸಿಕೊಂಡರೆ ಅಂಗಡಿಯವನ ಮೇಲೆ ಹೊಣೆ ಬೀಳುವಂಥ ಕಾನೂನಿತ್ತಂತೆ, 2017ರಲ್ಲಷ್ಟೇ ಅದನ್ನು ಸಡಿಲಿಸಿದರೆಂದು ಅಲ್ಲಿರುವ ನನ್ನ ಸೋದರಳಿಯ ಹೇಳುತ್ತಾನೆ. ಅತಿಥಿಯ ಪಾಪ ಅನ್ನದಾತನ ತಲೆಗೆ ಎಂಬುದು ನಮ್ಮ ಧರ್ಮಶಾಸ್ತ್ರಕಾರರಿಗೂ ಹೊಳೆಯದಿದ್ದ ವಿಧಿ.

ಈ ವ್ರತ ನನ್ನನ್ನು ನಿಜವಾಗಿ ಪರೀಕ್ಷಿಸಿದ್ದು ಥೇಮ್ಸ್ ನದಿಯ ದಂಡೆಯಲ್ಲಿ. ಅಲ್ಲಿ, ಲ್ಯಾಂಬೆತ್ತಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಬಸವೇಶ್ವರರ ಪ್ರತಿಮೆ ಇದೆ; ನದಿಯಾಚೆ ಪಾರ್ಲಿಮೆಂಟಿನ ಗೋಪುರಗಳು ಕಾಣುತ್ತವೆ. ನಮ್ಮ ಬೀಗರ ಊರು ಬಸವನ ಬಾಗೇವಾಡಿ. ಬಸವಣ್ಣನವರು ಹುಟ್ಟಿದ ಊರಿನಲ್ಲಿ ಕುಳಿತ ಬೀಗಿತ್ತಿಗೆ, ಲಂಡನ್ನಿನ ಬಸವಣ್ಣನವರನ್ನು ವಿಡಿಯೋ ಕರೆಯಲ್ಲಿ ಪ್ರತ್ಯಕ್ಷ ತೋರಿಸುವುದಾಗಿ ನಾನು ಮಾತು ಕೊಟ್ಟಿದ್ದೆ; ಬೀಗಿತ್ತಿಗೆ ಕೊಟ್ಟ ಮಾತು ಎಂಥದೆಂಬುದನ್ನು ಹೆಣ್ಣು ಕೊಟ್ಟವರು ಬಲ್ಲರು. ನಾವು ಅಲ್ಲಿಗೆ ಹೋಗಿ ನಿಂತಾಗ ಬಾಗೇವಾಡಿಯಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತು, ಆಕೆ ನೆರೆಹೊರೆಯವರನ್ನೂ ಕೂಡಿಸಿಕೊಂಡು ಕಾದಿದ್ದರು. ನಾನು ಫೋನನ್ನು ಎತ್ತಿ ಹಿಡಿದೆ, ತಗ್ಗಿಸಿದೆ, ಪ್ರತಿಮೆಗೆ ಪ್ರದಕ್ಷಿಣೆ ಬಂದೆ. ದಾಸೋಹವನ್ನು ಲೋಕಕ್ಕೆ ಸಾರಿದ ಮಹಾತ್ಮನ ಸನ್ನಿಧಿಯಲ್ಲಿ ವೈಫೈಯ ಒಂದು ಗೀಟೂ ಮೂಡಲಿಲ್ಲ. “ರೀ, ಒಂದು ಐದು ನಿಮಿಷ ಆ ರೋಮಿಂಗ್ ಹಾಕಿದ್ರೆ ಆಸ್ತಿ ಕರಗಿಹೋಗತ್ತಾ?” ಎಂದಳು ನನ್ನ ಹೆಂಡತಿ. ವ್ರತಭಂಗಕ್ಕೆ ಒಪ್ಪದೆ, ಪ್ರತಿಮೆಯ ಫೋಟೋ ತೆಗೆದುಕೊಂಡು, ಕಾಲು ಸೋಲುವಷ್ಟು ನಡೆದು ಕಾಫಿ ಅಂಗಡಿಯೊಂದನ್ನು ಹೊಕ್ಕು, ದುಬಾರಿ ಕಾಫಿ ಕೊಂಡು, ಕರೆ ಮಾಡಿದೆ. ಬೀಗಿತ್ತಿ ಪರದೆಯನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, “ಬಸವಣ್ಣನೋರು ಎಲ್ಲದಾರರಿ ಬೀಗರ? ನಮಗ ಬರೇ ಕಪ್ಪು ಬಸಿ ಕಾಣಾಕತ್ತಾವ!” ಎಂದರು. ಫೋಟೋವನ್ನು ಆಗಲೇ ಕಳುಹಿಸಿದೆನಾದರೂ, ಆ ಮನೆತನದಲ್ಲಿ ನನ್ನ ಮಾತಿಗಿದ್ದ ಬೆಲೆ ಅಂದಿನಿಂದ ಸ್ವಲ್ಪ ಇಳಿದಿದೆ.

ಲಾಭವನ್ನೂ ಹೇಳಬೇಕು. ವೈಫೈ ವ್ರತಸ್ಥನಿಗೆ ಸುದ್ದಿ ಹನಿಹನಿಯಾಗಿ ಬರುವುದಿಲ್ಲ, ಕಂತೆಕಂತೆಯಾಗಿ ಬರುತ್ತದೆ. ಒಂದು ಮಧ್ಯಾಹ್ನ ಗ್ರಂಥಾಲಯದ ಬಾಗಿಲನ್ನು ದಾಟಿದೊಡನೆ ಕುಟುಂಬದ ವಾಟ್ಸಾಪ್ ಗುಂಪಿನಿಂದ ಸಂದೇಶಗಳು ದಬದಬನೆ ಬಿದ್ದವು: ಚಿಕ್ಕಪ್ಪನಿಗೆ ಎದೆನೋವು, ಆಸ್ಪತ್ರೆಗೆ ಕರೆದೊಯ್ದಿದ್ದಾರೆ, ಯಾರೂ ಗಾಬರಿಯಾಗಬೇಡಿ, ದೊಡ್ಡಮ್ಮ ಮೃತ್ಯುಂಜಯ ಜಪ ಮಾಡಿಸುತ್ತಿದ್ದಾರೆ, ಅಜೀರ್ಣವಂತೆ, ಮದುವೆ ಮನೆಯಲ್ಲಿ ಹೋಳಿಗೆ ಎಷ್ಟು ತಿಂದರೆಂದು ಯಾರೂ ಕೇಳಬೇಡಿ, ಮನೆಗೆ ಬಂದರು. ಊರಿನಲ್ಲಿದ್ದ ಬಂಧುಗಳೆಲ್ಲ ಆರು ಗಂಟೆಗಳ ಕಾಲ ಅನುಭವಿಸಿದ ವ್ಯಾಕುಲವನ್ನು ನಾನು ಅರ್ಧ ನಿಮಿಷದಲ್ಲಿ ಮುಗಿಸಿ, ಹೋಳಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ತಿಳಿಸಿದೆ. ದಾರಿಯ ವಿಷಯದಲ್ಲಿಯೂ ನನಗೆ ಕೊರತೆಯಾಗಲಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ನೆಲದ ಮೇಲಿರುವ ಸಕಲರಿಗೂ ಸಂಕೇತಗಳನ್ನು ಬಿಟ್ಟಿಯಾಗಿ ಸುರಿಸುತ್ತಿರುತ್ತವೆ. ಫೋನು ಅವನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಾನಾಗಿ ಅವಕ್ಕೆ ಏನನ್ನೂ ಕಳುಹಿಸುವುದಿಲ್ಲ. ಆದುದರಿಂದ ಮನೆಯ ವೈಫೈಯಲ್ಲಿ ನಗರದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಹೊರಟರೆ, ಇಂಟರ್ನೆಟ್ಟಿನ ಹಂಗಿಲ್ಲದೆ ಆ ನೀಲಿ ಚುಕ್ಕೆ ನಮ್ಮೊಡನೆ ಬೀದಿಬೀದಿಯಲ್ಲಿ ನಡೆದು ಬರುತ್ತದೆ.

ನನ್ನನ್ನು ಕಂಡು ನಗುತ್ತಿದ್ದ ಅಳಿಯ ನಗು ನಿಲ್ಲಿಸಿದ್ದು ಡೋವರ್ ಹತ್ತಿರದ ಸೇಂಟ್ ಮಾರ್ಗರೆಟ್ಸ್ ಕೊಲ್ಲಿಯಲ್ಲಿ. ಬಿಳಿಯ ಸುಣ್ಣಬಂಡೆಗಳ ಆ ತೀರದಲ್ಲಿ, ಬಂಡೆಯ ಮರೆಗೆ ಇಂಗ್ಲೆಂಡಿನ ಟವರುಗಳು ಸಿಗದೆ, ಕಡಲಾಚೆಯ ಫ್ರಾನ್ಸಿನ ಟವರುಗಳು ಫೋನನ್ನು ಸೆಳೆದುಕೊಳ್ಳುವುದುಂಟು. ಇಂಗ್ಲೆಂಡಿನ ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದ ನಮ್ಮ ಅಳಿಯನಿಗೆ ಫ್ರಾನ್ಸಿಗೆ ಸ್ವಾಗತವೆಂಬ ಸಂದೇಶ ಬಂದು, ಫೋನಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರಿತು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಿದ್ದ ಮೇಲೆ ಅಲ್ಲಿಯ ಕೆಲವು ಕಂಪನಿಗಳು ಯೂರೋಪಿನ ರೋಮಿಂಗಿಗೆ ಮತ್ತೆ ಶುಲ್ಕ ಹಾಕತೊಡಗಿವೆ. “ಮಾವ, ಆ ಏರೋಪ್ಲೇನ್ ಮೋಡ್ ಎಲ್ಲಿರತ್ತೆ, ಬೇಗ ಹೇಳಿ” ಎಂದು ಆತ ಕೇಳಿದಾಗ ನಾನು ತೋರಿಸಿಕೊಟ್ಟೆ, ಸ್ವಲ್ಪ ನಿಧಾನವಾಗಿ.

ಈ ಮಾರ್ಗವನ್ನು ಹಿಡಿಯಲೆಳಸುವ ವಾಚಕ ಮಹಾಶಯರು ಹೊರಡುವ ಮುನ್ನ ಬ್ಯಾಂಕಿನ ಕೆಲಸಗಳನ್ನು ಮುಗಿಸಿಕೊಳ್ಳತಕ್ಕದ್ದು, ಕಂಡವರ ವೈಫೈಯಲ್ಲಿ ಹಣದ ವ್ಯವಹಾರ ಮಾಡತಕ್ಕದ್ದಲ್ಲ. ಇಳಿದುಕೊಳ್ಳುವ ಮನೆಯ ವಿಳಾಸವನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಳ್ಳತಕ್ಕದ್ದು. ಮತ್ತು, ಬೀಗರಿಗೆ ಏನನ್ನೂ ಪ್ರತ್ಯಕ್ಷ ತೋರಿಸುವುದಾಗಿ ಮಾತು ಕೊಡತಕ್ಕದ್ದಲ್ಲ.